ರಕ್ತಪಿಶಾಚಿಯ ಸಿನಿಮಾ ನೋಡಿದ ಊರಿನಲ್ಲಿ

೧೯೬೩ರ ಬೇಸಿಗೆ. ಆಗ ನಾನು ಪಾವಗಡ ತಾಲ್ಲೂಕಿನಲ್ಲಿ ಮಲೇರಿಯಾ ಇನ್‌ಸ್ಪೆಕ್ಟರ್ ಆಗಿದ್ದೆ. ಇನ್‌ಸ್ಪೆಕ್ಟರ್ ಎಂದ ಕೂಡಲೇ ಜನ ಪೊಲೀಸರನ್ನು ನೆನೆಯುತ್ತಾರೆ. ನನಗೆ ಲಾಠಿಯಿರಲಿಲ್ಲ, ಟೋಪಿಯಿರಲಿಲ್ಲ. ಇದ್ದದ್ದು ಒಂದು ಸೈಕಲ್ಲು, ಹೆಗಲಿಗೊಂದು ಖಾಕಿ ಚೀಲ. ಚೀಲದಲ್ಲಿ ಗಾಜಿನ ಸ್ಲೈಡುಗಳು, ಸೂಜಿ, ಸ್ಪಿರಿಟ್ಟು, ಹತ್ತಿ ಮತ್ತು ಕ್ಲೋರೋಕ್ವಿನ್ ಮಾತ್ರೆ.

ಊರೂರಿಗೆ ಡಿ.ಡಿ.ಟಿ. ಹೊಡೆಯುವ ಕೆಲಸ ಆ ಹೊತ್ತಿಗೆ ಬಹುಮಟ್ಟಿಗೆ ಮುಗಿದಿತ್ತು. ನಮ್ಮ ಪಾಲಿಗೆ ಬಂದದ್ದು ಸರ್ವೇಲೆನ್ಸ್, ಅಂದರೆ ಜ್ವರದ ಕಾವಲು. ಹದಿನೈದು ದಿನಕ್ಕೊಮ್ಮೆ ಕಾರ್ಯಕರ್ತನೊಬ್ಬ ಮನೆಮನೆಗೆ ಹೋಗಿ, ಯಾರಿಗಾದರೂ ಜ್ವರ ಬಂದಿದೆಯೇ ಎಂದು ವಿಚಾರಿಸಬೇಕು. ಬಂದಿದ್ದರೆ ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ತೊಟ್ಟು ರಕ್ತವನ್ನು ಸ್ಲೈಡಿನ ಮೇಲೆ ಸವರಿಕೊಂಡು, ಅಲ್ಲೇ ಮಾತ್ರೆ ನುಂಗಿಸಬೇಕು. ಬಂದುಹೋದ ಗುರುತಿಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ಮನೆ ನಂಬರು, ತಾರೀಖು ಬರೆಯಬೇಕು. ಸ್ಲೈಡುಗಳು ಲ್ಯಾಬೊರೇಟರಿಗೆ ಹೋಗುತ್ತಿದ್ದವು. ರಕ್ತದಲ್ಲಿ ಮಲೇರಿಯಾ ಕಂಡರೆ ಮಾತ್ರ ನಮಗೆ ಸುದ್ದಿ ಬರುತ್ತಿತ್ತು. ಕಾಣದಿದ್ದರೆ ಏನೂ ಬರುತ್ತಿರಲಿಲ್ಲ; ಎಲ್ಲ ಕಡೆಯೂ ನಿಯಮ ಅದೇ ಆಗಿತ್ತು.

ಆ ಬೇಸಿಗೆಯಲ್ಲಿ ಒಂದು ಟೂರಿಂಗ್ ಟಾಕೀಸು ನಮ್ಮ ಭಾಗದಲ್ಲಿ ಸುತ್ತುತ್ತಿತ್ತು. ಸುಗ್ಗಿ ಮುಗಿದು ಜನರ ಕೈ ಬಿಡುವಾಗಿದ್ದರಿಂದ ಟೆಂಟು ಹಾಕಿದಲ್ಲೆಲ್ಲ ಜಾತ್ರೆ. ಅವರ ಬಳಿಗೆ ಎಲ್ಲಿಂದಲೋ ಒಂದು ಹೊರದೇಶದ ಚಿತ್ರ ಬಂದಿತ್ತು, ರಕ್ತಪಿಶಾಚಿಗಳ ಚಿತ್ರ. ಅದರ ಭಾಷೆ ಯಾರಿಗೂ ತಿಳಿಯುವಂತಿರಲಿಲ್ಲ. ಹಾಗಾಗಿ ಮಾಲೀಕರು ಸಿರಾದ ಖಾದರ್ ಸಾಹೇಬರನ್ನು ಮೈಕಿನ ಮುಂದೆ ಕೂರಿಸಿದ್ದರು. ಸಂತೆಯಲ್ಲಿ ಬಟ್ಟೆ ಕೂಗಿ ಮಾರಿ ಪಳಗಿದ ಕಂಠ ಅವರದು. ಪರದೆಯ ಮೇಲೆ ಚಿತ್ರ ಓಡುತ್ತಿದ್ದರೆ ಅವರು ಕನ್ನಡ, ತೆಲುಗು ಎರಡನ್ನೂ ಬೆರೆಸಿ ಕಥೆ ಹೇಳುತ್ತಿದ್ದರು. ನಾನು ಆ ಚಿತ್ರ ನೋಡಿರಲಿಲ್ಲ. ಹಳ್ಳಿಹಳ್ಳಿಯಿಂದ ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದರೆಂದು ಮಾತ್ರ ಕೇಳಿದ್ದೆ.

ಒಂದು ಬೆಳಿಗ್ಗೆ ನಮ್ಮ ಕಾರ್ಯಕರ್ತ ನರಸಿಂಹಯ್ಯ ಬಂದು ಹೇಳಿದ: "ಸಾರ್, ಗಡಿ ಕಡೆ ಹಳ್ಳೀಲಿ ಒಂದು ಸ್ಲೈಡೂ ಸಿಗ್ತಿಲ್ಲ. ನನ್ನ ಮುಖ ಕಂಡ್ರೆ ಸಾಕು, ಬಾಗ್ಲು ಹಾಕ್ಕೊತಾರೆ. ಮನೇಲಿ ಜ್ವರದೋರು ನರಳೋದು ಕೇಳುಸ್ತದೆ, ಒಳಕ್ಕೆ ಮಾತ್ರ ಬುಡಲ್ಲ."

ಇಬ್ಬರೂ ಸೈಕಲ್ ಹತ್ತಿ ಹೊರಟೆವು. ಅದು ತೆಲುಗು ಸೀಮೆಗೆ ತಗುಲಿಕೊಂಡಿದ್ದ ಸಣ್ಣ ಊರು. ಹೊತ್ತೇರಿದ್ದರೂ ಬೀದಿಯಲ್ಲಿ ನರಪಿಳ್ಳೆಯಿರಲಿಲ್ಲ. ದೊಡ್ಡಿಯಲ್ಲಿ ಮೇಕೆಗಳು ಅರಚುತ್ತಿದ್ದವು. ಯಾರೂ ಅವನ್ನು ಮೇಯಲು ಬಿಟ್ಟಿರಲಿಲ್ಲ. ಬಾವಿಯ ಹತ್ತಿರ ಒಂದು ಕೊಡವೂ ಕಾಣಲಿಲ್ಲ. ನಾವು ಗೋಡೆಗಳ ಮೇಲೆ ಬರೆದಿದ್ದ ನಂಬರುಗಳಿಗೆಲ್ಲ ಸಗಣಿ ಮೆತ್ತಿದ್ದರು. ಬಾಗಿಲ ಸಂದಿಗಳಿಂದ ಕಣ್ಣುಗಳು ನಮ್ಮನ್ನೇ ನೋಡುತ್ತಿದ್ದವು.

ಒಂದು ಮನೆಯ ಜಗಲಿಯ ಮೇಲೆ ಮಾತ್ರ ಹೆಂಗಸೊಬ್ಬಳು ಬಿಸಿಲಿಗೆ ಮೈಯೊಡ್ಡಿ, ಕಂಬಳಿ ಹೊದ್ದು ನಡುಗುತ್ತ ಕೂತಿದ್ದಳು. ಆ ಉರಿಬಿಸಿಲಲ್ಲಿ ಕಂಬಳಿ! ಹಲ್ಲು ಕಟಕಟ ಎನ್ನುತ್ತಿತ್ತು. ಬಸುರಿ ಬೇರೆ. ಮಲೇರಿಯಾ ಬಸುರಿಯನ್ನು ಹಿಡಿದರೆ ತಾಯಿಗೂ ಕಷ್ಟ, ಹೊಟ್ಟೆಯಲ್ಲಿರುವುದಕ್ಕೂ ಕಷ್ಟ. ನಾನು ಹಿಂದೆಮುಂದೆ ನೋಡದೆ ಹತ್ತಿರ ಹೋಗಿ, ಚೀಲದಿಂದ ಸೂಜಿ, ಸ್ಲೈಡು ತೆಗೆದೆ.

"ವಚ್ಚಾಡ್ರೋ! ಬಂದ್ಬುಟ್ಟ ಕಣ್ರೋ!" ಎಂದು ಒಳಗಿನಿಂದ ಮುದುಕಿಯೊಬ್ಬಳು ಕಿರುಚಿದಳು.

ಮುಚ್ಚಿದ್ದ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದುಕೊಂಡವು. ಗಂಡಸರು ದೊಣ್ಣೆ ಹಿಡಿದು ಬಂದರು. ಯಾರೂ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ರಟ್ಟೆ ಹಿಡಿದು ಆ ಮನೆಗೆ ಅಂಟಿಕೊಂಡಿದ್ದ ಕಡಲೆಕಾಯಿ ತುಂಬುವ ಕೋಣೆಯೊಳಕ್ಕೆ ನೂಕಿ, ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದರು. ಚೀಲವನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ಬೇವಿನ ಮರದ ಕೆಳಗೆ ಇಟ್ಟರು, ಹಾವನ್ನು ಎತ್ತಿಹಾಕಿದ ಹಾಗೆ. ಸೈಕಲ್ ಹಿಡಿದು ನಿಂತಿದ್ದ ನರಸಿಂಹಯ್ಯನನ್ನು ಯಾರೂ ಮುಟ್ಟಲಿಲ್ಲ. ದೊಡ್ಡ ಪಿಶಾಚಿ ನಾನೇ ಎಂದು ತೀರ್ಮಾನವಾಗಿತ್ತು.

ಕೋಣೆಗೆ ಕಲ್ಲುಚಪ್ಪಡಿಯ ಸೂರು. ಬಿಸಿಲೇರಿದಂತೆ ಅದು ಕಾದ ಹೆಂಚಾಯಿತು. ಕೈಯಗಲದ ಒಂದೇ ಕಿಟಕಿ. ಕಡಲೆಸಿಪ್ಪೆಯ ಧೂಳು ಗಂಟಲಿಗೆ ಹತ್ತಿಕೊಂಡು ಕೆಮ್ಮು ನಿಲ್ಲಲಿಲ್ಲ. ಬಾಗಿಲು ಬಡಿದೆ, ಕೂಗಿದೆ, ಸರ್ಕಾರದ ಹೆಸರು ಹೇಳಿ ಹೆದರಿಸಿದೆ. ಯಾರೂ ಬಾಗಿಲ ಹತ್ತಿರ ಸುಳಿಯಲಿಲ್ಲ.  ಕಡೆಗೆ ಸುಮ್ಮನೆ ಕೂತಾಗ ಗೋಡೆಯಾಚೆಯಿಂದ ಆ ಹೆಂಗಸಿನ ನರಳಾಟ ಕೇಳತೊಡಗಿತು. ಚಳಿ ಇಳಿದು ಜ್ವರ ಏರುತ್ತಿತ್ತು. ನೀರು ನೀರು ಎನ್ನುತ್ತಿದ್ದಳು. ಅವಳಿಗೆ ಬೇಕಾದ ಮಾತ್ರೆ ಬೇವಿನ ಮರದ ಕೆಳಗಿತ್ತು, ಕಿಟಕಿಯಿಂದ ನನಗೆ ಕಾಣುತ್ತಲೂ ಇತ್ತು. ಕೊಡಬೇಕಾದ ನಾನು ಇಲ್ಲಿ. ಆ ಹೊತ್ತಿನಷ್ಟು ಕೈಕಟ್ಟಿದಂತಾದದ್ದು ನನ್ನ ನೌಕರಿಯಲ್ಲಿ ಮತ್ತೆಂದೂ ಇಲ್ಲ.

ಕಿಟಕಿಯ ಹೊರಗೆ ಕಾವಲಿಗೆ ಕೂತಿದ್ದವಳು ಆ ಕಿರುಚಿದ ಮುದುಕಿ, ಜ್ವರದವಳ ಅತ್ತೆ ಹನುಮಕ್ಕ. ಮಡಿಲಲ್ಲಿ ಪೊರಕೆ ಇಟ್ಟುಕೊಂಡಿದ್ದಳು. ದನಿ ತಗ್ಗಿಸಿ ಕೇಳಿದೆ: "ನಾನೇನು ಮಾಡಿದೆ, ಅಮ್ಮ?"

"ಏನ್ ಮಾಡ್ದೆ ಅಂತ ಕೇಳ್ತೀಯಾ? ನೀನು ಮಾಡೋದ್ನೆಲ್ಲ ಪರದೆ ಮ್ಯಾಲೆ ನೋಡ್ಕೊಂಡೇ ಬಂದೀವಿ."

"ಏನು ನೋಡಿದಿರಿ? ನಾನು ನೋಡಿಲ್ಲ. ನನಗೂ ಹೇಳಿ."

ಅವಳು ಮಡಿಲ ಪೊರಕೆಯನ್ನು ಸರಿಮಾಡಿಕೊಂಡಳು. ಆಮೇಲೆ ಶುರು ಮಾಡಿದಳು. ಅಷ್ಟು ಚೆನ್ನಾಗಿ ಕಥೆ ಹೇಳುವವರನ್ನು ನಾನು ಕಂಡಿಲ್ಲ. 

"ಅದು ಇನ್ನು ಸ್ವಲ್ಪ ವರ್ಸಕ್ಕೆ ಬರೋ ಕಾಲವಂತೆ. ದೊಡ್ಡ ಪಟ್ಣ. ಹೊಗೆ ಕವುಕೊಂಡು ಸೂರ್ಯನೇ ಕಾಣಾಕಿಲ್ಲ. ಜನುಕ್ಕೆ ಹೆಸ್ರಿಲ್ಲ, ಬಾಗ್ಲಿಗೆ ನಂಬ್ರು. ಆಳೋರ್ಗೆ ಸಾವಿಲ್ಲ, ಯಾಕಂದ್ರೆ ಅವ್ರು ನೆತ್ರು ಕುಡ್ಯೋ ಪಿಶಾಚಿಗಳು. ನೆತ್ರು ಕೊಟ್ಟೋರ್ಗಷ್ಟೇ ಊಟ. ಮೊದ್ಲು ಚೀಲ ತಗ್ಲಾಕ್ಕೊಂಡು ಗುಮಾಸ್ತ ಬತ್ತಾನೆ. ನಗ್‌ನಗ್ತಾ ಬೆರಳು ಚುಚ್ತಾನೆ, ಗಾಜಿಗೆ ಒರಸ್ಕೊಂಡು ಹೋಯ್ತಾನೆ. ಯಾರ ನೆತ್ರು ರುಚಿಯೋ ಅವ್ರನ್ನ ಬಂದು ಎತ್ತಾಕ್ಕೊಂಡು ಹೋಯ್ತಾರೆ. ಮಿಕ್ಕೋರು ಒಳಗೇ. ಆಚೆ ಕಡೆಯಿಂದ ಬೀಗ."

"ಕಡೆಗೆ ಏನಾಗುತ್ತೆ? ಜನ ತಪ್ಪಿಸಿಕೊಳ್ಳುತ್ತಾರಾ?"

"ಎಲ್ಲಿ ತಪ್ಪುಸ್ಕೋತಾರೆ ಸ್ವಾಮಿ? ಗಾಳಿ ಬಂದು ಟೆಂಟು ಹರುದೋಯ್ತು. ಆಟ ನಿಲ್ಸುಬುಟ್ರು. ಅವ್ರಿನ್ನೂ ಒಳಗೇ ಅವ್ರೆ."

ಆಗ ನನಗೆ ಎಲ್ಲವೂ ತಿಳಿಯಿತು. ನಂಬರು, ಚೀಲ, ಸೂಜಿ, ಗಾಜು, ರಕ್ತಕ್ಕೆ ಬದಲಾಗಿ ಕೊಡುವ ಮಾತ್ರೆ. ನಾವು ವರ್ಷದಿಂದ ಮಾಡುತ್ತಿದ್ದುದನ್ನೇ ಅವರು ಪರದೆಯ ಮೇಲೆ ಕಂಡಿದ್ದರು. ಅಂದಿನಿಂದ ಊರಿಗೆ ಊರೇ ತಾನಾಗಿ ಸೆರೆಯಲ್ಲಿತ್ತು. ಕೋಣೆಯೊಳಗೆ ನಾನೊಬ್ಬ ಸಿಕ್ಕಿಬಿದ್ದಿದ್ದರೆ, ಹೊರಗೆ ಅವರೆಲ್ಲ ಸಿಕ್ಕಿಬಿದ್ದಿದ್ದರು.

ಹನುಮಕ್ಕನ ಮಗ ಓಬಳೇಶ ಬಂದು ಕಿಟಕಿಯ ಮುಂದೆ ನಿಂತ. ಜ್ವರದವಳ ಗಂಡ, ಬೀಗದ ಕೈ ಅವನ ಉಡಿದಾರದಲ್ಲಿತ್ತು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ನಾನು ಬಿಡಿ ಎಂದು ಕೇಳಲಿಲ್ಲ. "ಆ ಕಥೆ ಹೇಳಿದವರನ್ನೇ ಕರೆಸಿ. ನಿಜವೋ ಸುಳ್ಳೋ ಅವರೇ ಹೇಳಲಿ. ಅಲ್ಲಿಯವರೆಗೆ ನಾನು ಇಲ್ಲೇ ಇರುತ್ತೇನೆ" ಎಂದೆ.

ಅವನು ಹಿರಿಯರ ಜೊತೆ ಮಾತಾಡಿ ಒಪ್ಪಿದ. ಟೆಂಟು ಆಗ ಮಿಡಿಗೇಶಿಗೆ ಹೋಗಿತ್ತು. ನರಸಿಂಹಯ್ಯ ಸೈಕಲ್ ತುಳಿದುಕೊಂಡು ಹೋದ. ನಾನು ಕಾದೆ. ಗೋಡೆಯಾಚೆ ನರಳಾಟ ನಿಂತಾಗ ಏನಾಯಿತೋ ಎಂದು ಗೋಡೆಗೆ ಕಿವಿಯಿಡುತ್ತಿದ್ದೆ; ಮತ್ತೆ ಕೇಳಿದಾಗ ಸದ್ಯ ಎನಿಸುತ್ತಿತ್ತು. ಓಬಳೇಶ ಒಂದು ಸಲ ಬಂದು ಕಿಟಕಿಯಲ್ಲಿ ಒಂದು ಚೊಂಬು ನೀರು ಇಟ್ಟು ಹೋದ.

ಹೊತ್ತು ಇಳಿಯುವಾಗ ಖಾದರ್ ಸಾಹೇಬರು ನರಸಿಂಹಯ್ಯನ ಸೈಕಲ್ಲಿನ ಹಿಂದೆ ಕೂತು ಬಂದರು. ದೊಡ್ಡ ಮೀಸೆಯ ದಪ್ಪ ಆಳು. ಊರೆಲ್ಲ ಬೇವಿನ ಮರದ ಕೆಳಗೆ ಸೇರಿತು. ಸಾಹೇಬರು ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳುವಂತೆ ಹೇಳಿದರು: "ಖುದಾ ಕಸಂ, ಆ ಭಾಷೆ ನಂಗೊಂದ್ ಅಕ್ಷರ ಬರಲ್ಲ. ಬೊಂಬೆ ನೋಡ್ಕೊಂಡು ಬಾಯಿಗ್ ಬಂದಂಗೆ ಕಟ್ಟಿ ಹೇಳ್ದೆ. ಮುಂದ್ ಬರೋ ಕಾಲ ಅಂದಿದ್ದೂ ನಾನೇ. ಅಂಗಂದ್ರೆ ಜನ ಮಿಸುಕಾಡ್ದೆ ಕೂತ್ಕೊತಾರೆ, ಅದ್ಕೆ."

ಗುಂಪು ಕದಲಲಿಲ್ಲ. ಓಬಳೇಶ ಕೇಳಿದ: "ಅವತ್ತು ನಿಜ ಅಂದ್ರಿ, ಇವತ್ತು ಸುಳ್ಳು ಅಂತೀರಿ. ನಾವು ಯಾವುದ್ನ ನಂಬಾನ, ಸಾಯೇಬ್ರೆ?"

  ಹನುಮಕ್ಕ ಎದ್ದು ನಿಂತಳು. "ಅಂಗಾದ್ರೆ ಮೊದ್ಲು ಈ ಸಾಯೇಬ್ರಿಗೇ ಚುಚ್ಲಿ. ಏನಾಯ್ತದೆ ನೋಡಾನ."

ಬೀಗ ತೆಗೆದರು. ನನ್ನನ್ನು ಮರದ ಕೆಳಕ್ಕೆ ತಂದು, ಸುತ್ತ ದೊಣ್ಣೆ ಹಿಡಿದು ನಿಂತರು. ಸಾಹೇಬರ ಮುಖದ ಬಣ್ಣವೇ ಇಳಿದುಹೋಗಿತ್ತು. ಮರದ ಕಟ್ಟೆಯ ಮೇಲೆ ಕೂತು, ಬೆರಳು ಮುಂದೆ ಮಾಡಿ ಮುಖವನ್ನು ಅತ್ತ ತಿರುಗಿಸಿದರು. ನಾನು ಸ್ಪಿರಿಟ್ಟು ಒರೆಸಿ ಮೆಲ್ಲಗೆ ಚುಚ್ಚಿದೆ. ಒಂದು ತೊಟ್ಟು ರಕ್ತ ಮೂಡಿತು. ಅದೇನಾಗಿದೆ ಎಂದು ಸಾಹೇಬರು ತಿರುಗಿ ನೋಡಿದ್ದೇ ತಡ, ಕಣ್ಣು ಮೇಲಾಗಿ ಕಟ್ಟೆಯಿಂದ ಮೂಟೆಯಂತೆ ಜಾರಿ ಕೆಳಕ್ಕೆ ಬಿದ್ದರು.

 ಜನ ದೊಣ್ಣೆ ಎತ್ತಿದರು. ಹನುಮಕ್ಕ ಬಗ್ಗಿ ಸಾಹೇಬರ ಮೂಗಿನ ಹತ್ತಿರ ಕೈಯಿಟ್ಟು ನೋಡಿ, ಮುಖಕ್ಕೆ ನೀರು ಎರಚಿದಳು. ಅವರು ಕಣ್ಣು ಬಿಟ್ಟು "ಯಾ ಅಲ್ಲಾ, ನಿಂತೋಯ್ತಾ ನೆತ್ರು?" ಎಂದರು.

"ಅಯ್ಯೋ ನಿನ್ನ! ಹೊಳೆ ಹೊಳೆ ನೆತ್ರು ಹರುಸ್ದೋನು ಸಾಸ್ವೆ ಕಾಳಷ್ಟಕ್ಕೆ ಬಿದ್ಬುಟ್ಟಲ್ಲಪ್ಪ!" ಎಂದಳು ಹನುಮಕ್ಕ. ಹಿಂದೆ ಯಾರೋ ಕಿಸಕ್ಕೆಂದರು. ಮತ್ತೊಬ್ಬರು ನಕ್ಕರು. ಎಷ್ಟೋ ದಿನದಿಂದ ಬಾಗಿಲು ಹಾಕಿಕೊಂಡು ಕೂತಿದ್ದ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹೇಬರೂ ನಕ್ಕರು.

ಓಬಳೇಶ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು ಹೇಳಿದ: "ಪಿಶಾಚಿ ಸುಳ್ಳೇ ಇರ್ಲಿ ಸ್ವಾಮಿ. ಹೋದ ವರ್ಸ ನಂದೂ ತಗಂಡೋದ್ರಿ, ನಮ್ಮವ್ವಂದೂ ತಗಂಡೋದ್ರಿ. ಎಲ್ಲಿಗೋಯ್ತು ಅದು? ಏನಿತ್ತು ಅದ್ರಾಗೆ? ಒಬ್ರು ಬಂದು ಹೇಳ್ಲಿಲ್ವಲ್ಲ."

"ರೋಗ ಇರಲಿಲ್ಲ, ಅದಕ್ಕೇ ಯಾರೂ ಬರಲಿಲ್ಲ" ಎಂದೆ.

"ಅದುನ್ನಾದ್ರೂ ಬಂದು ಹೇಳ್ಬೇಕಲ್ವಾ? ನಮ್ಮ ಮೈಯಿಂದ ತಗಂಡೋಗಿದ್ದು. ಒಂದು ಮಾತು ಬ್ಯಾಡ್ವಾ?"

ತರಬೇತಿಯಲ್ಲಿ ಸೊಳ್ಳೆಯ ಜಾತಿ, ಸ್ಲೈಡಿನ ದಪ್ಪ, ಮಾತ್ರೆಯ ಅಳತೆ ಎಲ್ಲವನ್ನೂ ಹೇಳಿಕೊಟ್ಟಿದ್ದರು. ಈ ಪ್ರಶ್ನೆ ಅಲ್ಲಿ ಬಂದಿರಲಿಲ್ಲ. "ಈ ಸಲ ನಾನೇ ಬಂದು ಹೇಳುತ್ತೇನೆ" ಎಂದೆ.

ಅವನು ಇನ್ನೂ ಯೋಚಿಸುತ್ತಿರುವಾಗಲೇ ಅವನ ಹೆಂಡತಿ ಅಂಜಿನಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. ಜ್ವರ ಬಿಟ್ಟು ಮೈ ಬೆವರಿನಲ್ಲಿ ತೊಯ್ದಿತ್ತು. ಗಂಡನನ್ನಾಗಲಿ ಅತ್ತೆಯನ್ನಾಗಲಿ ಕೇಳದೆ ಬೆರಳು ಚಾಚಿ, "ಚುಚ್ಚಿ ಸ್ವಾಮಿ. ನಾಳಿದ್ದು ಮತ್ತೆ ಈ ಚಳಿ ಬಂದ್ರೆ ನಾನು ತಡ್ಯಾಕಿಲ್ಲ" ಎಂದಳು.

ಸ್ಲೈಡು ತೆಗೆದುಕೊಂಡು ಮಾತ್ರೆ ಕೊಟ್ಟೆ. ಓಬಳೇಶನೇ ನೀರು ತಂದು ಕುಡಿಸಿದ. ಆಮೇಲೆ ಜ್ವರ ಬಂದಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದರು. ಕಡೆಗೆ ಹನುಮಕ್ಕ, ಜ್ವರವಿಲ್ಲದಿದ್ದರೂ, ತನ್ನದನ್ನೂ ನೋಡಲೇಬೇಕೆಂದು ಹಟ ಹಿಡಿದಳು.

ಮಾರನೆಯ ದಿನ ಸ್ಲೈಡುಗಳನ್ನು ಟಪಾಲಿಗೆ ಹಾಕದೆ ನಾನೇ ಲ್ಯಾಬೊರೇಟರಿಗೆ ಒಯ್ದೆ. ಅಲ್ಲಿಯ ತಂತ್ರಜ್ಞರಿಗೆ ನಡೆದದ್ದನ್ನು ಹೇಳಿ, ರೋಗವಿಲ್ಲದವುಗಳ ಫಲಿತಾಂಶವನ್ನೂ ಕೊಡಿ ಎಂದೆ. ವಿಚಿತ್ರವಾಗಿ ನೋಡಿದರೂ ಕೊಟ್ಟರು. ಅಂಜಿನಮ್ಮನ ರಕ್ತದಲ್ಲಿ ಮಲೇರಿಯಾ ಇತ್ತು. ರೋಗ ಮರುಕಳಿಸದಂತೆ ಕೊಡುವ, ಆದರೆ ಬಸುರಿಗೆ ಕೊಡಬಾರದ ಇನ್ನೊಂದು ಮಾತ್ರೆಯನ್ನು ಹೆರಿಗೆಯಾಗುವ ತನಕ ತಡೆಹಿಡಿದು, ವೈದ್ಯರು ಹೇಳಿದ ಕ್ರಮದಲ್ಲಿ ಚಿಕಿತ್ಸೆ ನಡೆಸಿದೆವು. ಅವಳಿಗೆ ಮತ್ತೆ ಆ ಚಳಿ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣುಮಗು ಹೆತ್ತಳು.

ನಾನು ಫಲಿತಾಂಶ ಹಿಡಿದು ಊರಿಗೆ ಹೋದ ದಿನ ಬಾಗಿಲುಗಳು ತೆರೆದಿದ್ದವು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಹೇಳಿದೆ. ಹೆಚ್ಚಿನವರಿಗೆ ಹೇಳಬೇಕಾಗಿದ್ದದ್ದು ಒಂದೇ ಮಾತು: "ನಿಮ್ಮ ರಕ್ತದಲ್ಲಿ ಏನೂ ಇಲ್ಲ." ಕೇಳಿದವರ ಮುಖ ಸಡಿಲವಾಗುವುದನ್ನು ಕಣ್ಣಾರೆ ಕಂಡೆ. ಹನುಮಕ್ಕ ಆ ಮಾತನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿ, ಪಕ್ಕದ ಮನೆಯವಳಿಗೆ ಕೇಳಿಸಿತೇ ಎಂದು ತಿರುಗಿ ನೋಡಿದಳು.

ಮುಂದೆ ನನಗೆ ಕೊರಟಗೆರೆಗೆ, ಮಧುಗಿರಿಗೆ ವರ್ಗವಾಯಿತು. ಹೋದಲ್ಲೆಲ್ಲ ನನ್ನ ಕೈಕೆಳಗಿನ ಕಾರ್ಯಕರ್ತರಿಗೆ, ರೋಗವಿಲ್ಲದ ಮನೆಗೂ ಹೋಗಿ ಹೇಳಿ ಬನ್ನಿ ಎಂದು ಕಟ್ಟುನಿಟ್ಟು ಮಾಡಿದೆ. ಅದು ಹೆಚ್ಚುವರಿ ಕೆಲಸ ಎಂದು ಗೊಣಗಿದವರುಂಟು. ಒಬ್ಬ ಮನುಷ್ಯನ ಮೈಯಿಂದ ಒಂದು ತೊಟ್ಟು ತೆಗೆದುಕೊಂಡ ಮೇಲೆ ನಾವು ಅವನಿಗೆ ಒಂದು ಉತ್ತರ ಕೊಡಬೇಕು. ಏನೂ ಇಲ್ಲ ಎಂಬುದೂ ಉತ್ತರವೇ. ಅದನ್ನು ಮುಟ್ಟಿಸದೆ ಬಿಟ್ಟರೆ ಆ ಖಾಲಿ ಜಾಗವನ್ನು ಭಯ ತುಂಬಿಕೊಳ್ಳುತ್ತದೆ.