ಮಗಳ ಮನೆಯ ದಾರಿ

ಎರಡು ವರ್ಷದ ಹಿಂದಿನ ಮಾತು. ಯುಗಾದಿಗೆ ಇನ್ನೂ ಹತ್ತು-ಹನ್ನೆರಡು ದಿನ ಇತ್ತು. ಬಾಗಲಕೋಟೆ, ಬಾದಾಮಿ ಕಡೆಯಿಂದ ಶ್ರೀಶೈಲ ಮಲ್ಲಯ್ಯನಿಗೆ ನಡೆದು ಹೋಗುವ ಭಕ್ತರು ಹುನಗುಂದ ದಾಟಿ ನಮ್ಮ ಇಳಕಲ್ಲ ಮೇಲೆ ಹಾಯ್ದು ಹೋಗುತ್ತಾರೆ. ಅವರಿಗೆ ನೀರು ಕೊಡಲೆಂದು ನಮ್ಮ ಓಣಿಯವರು ಪ್ರತಿ ವರ್ಷ ಊರ ಹೊರಗೆ ರಸ್ತೆಯ ಪಕ್ಕ ಒಂದು ಪೆಂಡಾಲು ಹಾಕುತ್ತೇವೆ. ಆ ವರ್ಷ ನೀರಿನ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ನಾನು ದೊಡ್ಡ ಭಕ್ತನೆಂದಲ್ಲ. ನೀರು ತೀರಿಹೋದೀತು ಎಂದು ನಿದ್ದೆಗೆಡುವ ಮನುಷ್ಯ ಓಣಿಯಲ್ಲಿ ನಾನೊಬ್ಬನೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ನನ್ನ ಸ್ವಭಾವವೇ ಅಂಥದು. ಹೈಸ್ಕೂಲಿನಲ್ಲಿ ಗುಮಾಸ್ತ, ವಯಸ್ಸು ಐವತ್ತೆರಡು. ಮನೆಗೆ ಕೀಲಿ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ, ಓಣಿಯ ಕೊನೆಗೆ ಹೋಗಿ ನಾಲ್ಕನೇ ಸಲ ತಿರುಗಿ ಬರುತ್ತೇನೆ. ಅದಕ್ಕೂ ಹಿಂದಿನ ವರ್ಷದವರೆಗೆ ನಮ್ಮ ಪೆಂಡಾಲಿನಲ್ಲಿ ಮಣ್ಣಿನ ಹರವಿಗಳಲ್ಲಿ ನೀರು ತುಂಬಿಟ್ಟು ಚರಗಿಯಿಂದ ಹಾಕುತ್ತಿದ್ದರು. ಅದನ್ನು ನಿಲ್ಲಿಸಿದವನು ನಾನೇ. "ಹರವ್ಯಾಗ ಎಲ್ಲಾರೂ ಕೈ ಹಾಕ್ತಾರ. ಒಬ್ಬರಿಗೆ ವಾಂತಿ-ಭೇದಿ ಆತಂದ್ರ ಯಾರ್ ಹೊಣಿ? ಪಾಕೀಟ ತರಸೂಣು, ಸೀಲ್ ಇರ್ತೈತಿ" ಎಂದು ಒಂದು ತಾಸು ವಾದ ಮಾಡಿ ಗೆದ್ದಿದ್ದೆ. ಮೂಟೆ ಮೂಟೆ ನೀರಿನ ಪಾಕೀಟು ಬಂದವು. ಗೋಡೆಯ ಹಾಗೆ ಪೇರಿಸಿದ್ದನ್ನು ನೋಡಿ, ಎಷ್ಟೋ ವರ್ಷದ ಮೇಲೆ ನನಗೆ ಒಳ್ಳೆಯ ನಿದ್ದೆ ಬಂತು.

ಮೂರನೆಯ ದಿನ ಮಧ್ಯಾಹ್ನ. ಬೆಳಗಿನ ಗುಂಪುಗಳೆಲ್ಲ ಮುಂದೆ ಹೋಗಿ ರಸ್ತೆ ಖಾಲಿಯಾಗಿತ್ತು. ನಾನೂ ಗೆಳೆಯ ಬಸವರಾಜನೂ ನೆರಳಿನಲ್ಲಿ ಕೂತಿದ್ದೆವು. ಹುನಗುಂದದ ಕಡೆಯಿಂದ ಒಬ್ಬ ಮುದುಕಿ ಒಂಟಿಯಾಗಿ ಬರುತ್ತಿದ್ದಳು. ಎಪ್ಪತ್ತರ ಆಸುಪಾಸು, ಬರಿಗಾಲು. ತಲೆಯ ಮೇಲೆ ಬಟ್ಟೆಯ ಸಣ್ಣ ಗಂಟು, ಹೆಗಲಿಗೆ ಗೊಬ್ಬರದ ಹಳೆಯ ದೊಡ್ಡ ಚೀಲ. ನಾಲ್ಕು ಹೆಜ್ಜೆಗೊಮ್ಮೆ ಬಗ್ಗಿ ಏಳುತ್ತಿದ್ದಳು. ಪಾಪ, ಸೊಂಟ ಹಿಡಿದಿರಬೇಕು ಎಂದುಕೊಂಡೆ.

ಆಕೆ ಬಂದು ಪೆಂಡಾಲಿನ ನೆರಳಿಗೆ ಕುಸಿದು ಕೂತು, ಗಂಟಿನಿಂದ ಚರಗಿ ತೆಗೆದು ಮುಂದಿಟ್ಟಳು. "ತಮ್ಮಾ, ಒಂದ್ ಚರಗಿ ನೀರ ಹಾಕಪಾ."

ನಾನು ಎರಡು ಪಾಕೀಟು ಹಿಡಿದೆ. ಆಕೆ ಕೈ ಚಾಚಲಿಲ್ಲ.

"ಪಾಕೀಟಿನ ನೀರ ಒಲ್ಲೆಪಾ. ಹರವಿ ನೀರ ಇಲ್ಲೇನು?"

"ಇದ ಭಾಳ ಛಲೋ ನೀರ ಯವ್ವಾ. ಸೀಲ್ ಐತಿ ನೋಡು."

"ನೀರಿಗೆ ಹೆಸರಿಡೂದಿಲ್ಲ ನಾ. ಶ್ರೀಶೈಲ ಮುಟ್ಟೂತನಕ ಪ್ಲಾಸ್ಟಿಕಿನ ನೀರ ಕುಡಿಯೂದಿಲ್ಲಂತ ಮಲ್ಲಯ್ಯನ ಮ್ಯಾಲೆ ಆಣಿ ಮಾಡೀನಿ. ಮುಂಜಾನಿ ಹುನಗುಂದದಾಗ ಯಾರದೋ ಮನ್ಯಾಗ ಕುಡದಿದ್ದೆ. ಅಲ್ಲಿಂದ ನಾಕ್ ಪೆಂಡಾಲ ದಾಟಿ ಬಂದೆ. ಎಲ್ಲಾ ಕಡಿ ಇದ ಪಾಕೀಟ."

ಬಸವರಾಜ ಕಿಸಕ್ಕನೆ ನಕ್ಕ. "ಲೇ ಈರಣ್ಣ, ಇಡೀ ಊರ ತೊಳಿಯುವಷ್ಟ್ ನೀರ ತರಿಸಿದಿ, ಒಂದ್ ಚರಗಿ ಕುಡಿಯೂ ನೀರ ಇಲ್ಲಲ್ಲಲೇ!"

ನನಗೆ ನಗು ಬರಲಿಲ್ಲ. ಆಕೆಯ ತುಟಿಗಳು ಒಡೆದು ಬಿಳಿಚಿದ್ದವು. ನನಗೊಂದು ಜಾಣತನ ಹೊಳೆಯಿತು. ಚರಗಿ ಎತ್ತಿಕೊಂಡು ಮೂಟೆಗಳ ಮರೆಗೆ ಹೋಗಿ, ನಾಲ್ಕು ಪಾಕೀಟು ಹಲ್ಲಿನಿಂದ ಹರಿದು ತುಂಬಿಸಿ ತಂದೆ. "ಹಿಂದ ಒಂದ್ ಹರವಿ ಇತ್ತು ಯವ್ವಾ, ಮರತಿದ್ದೆ."

ಆಕೆ ನೀರನ್ನು ನೋಡಲಿಲ್ಲ, ನನ್ನ ಅಂಗಿಯನ್ನು ನೋಡಿದಳು. ಎದೆಯೆಲ್ಲ ಒದ್ದೆ, ಗಡ್ಡಕ್ಕೆ ಪಾಕೀಟಿನ ಚೂರೊಂದು ಅಂಟಿಕೊಂಡಿತ್ತು. ಸಿಟ್ಟಾಗಲಿಲ್ಲ. "ನನಗ ಮೋಸ ಮಾಡಬಹುದು ತಮ್ಮಾ. ಅವ ನೋಡ್ಯಾನಲ್ಲ?" ಎಂದು ನಕ್ಕು, ಬೆಂಚಿನ ಕೆಳಗೆ ತೇಕುತ್ತ ಮಲಗಿದ್ದ ನಾಯಿಯ ಮುಂದೆ ನೀರು ಸುರಿದಳು. "ಕುಡಿ, ನಿನಗ ಆಣಿ ಇಲ್ಲ."

ಆಮೇಲೆ ಚೀಲ ಹೆಗಲಿಗೇರಿಸಿ ಎದ್ದಳು. ಎದ್ದವಳು ತೂರಾಡಿ ಪೆಂಡಾಲಿನ ಕಂಬ ಹಿಡಿದುಕೊಂಡಳು. ನನ್ನ ಕಣ್ಣ ಮುಂದೆ ಮರುದಿನದ ಪತ್ರಿಕೆ ಬಂತು: ನೀರಿನ ಪೆಂಡಾಲಿನಲ್ಲಿ ನೀರಿಲ್ಲದೆ ಭಕ್ತೆಯ ಸಾವು. ಪಕ್ಕದಲ್ಲಿ ನನ್ನ ಫೋಟೋ. "ಹಿಡಕೊಳ್ಳಲೇ ಬಸ್ಯಾ!" ಎಂದು ಕೂಗಿ ರಸ್ತೆಗೆ ಓಡಿದೆ.

ಎದುರಿಗೆ ಒಂದು ಪಂಕ್ಚರ್ ಅಂಗಡಿ, ಅದರ ಹಿಂದೆಯೇ ಅಂಗಡಿಯವನ ಮನೆ. ನಡುರಸ್ತೆಯಲ್ಲಿ ನನ್ನ ಒಂದು ಚಪ್ಪಲಿ ಕಳಚಿತು. ಆ ಕಾದ ಡಾಂಬರಿನ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕುಣಿದುಬಿಟ್ಟೆ. ಮುದುಕಿ ಇದರ ಮೇಲೆಯೇ ಬೆಳಗಿನಿಂದ ನಡೆದುಬಂದಿದ್ದಳು.

ಅಂಗಡಿಯವನ ಹೆಂಡತಿ ಮಾಬೂಬಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. "ಏನ್ರೀ ಸರ್, ಊರಿಗೆಲ್ಲಾ ನೀರ ಕೊಡಾವ್ರು ನಮ್ಮಲ್ಲಿ ನೀರ ಕೇಳಾಕ ಬಂದೀರಿ?" ಎಂದು ನಕ್ಕವಳು, ನನ್ನ ಮುಖ ನೋಡಿ ಹರವಿಯಿಂದ ಒಂದು ಕೊಡ ತುಂಬಿ ಸೊಂಟಕ್ಕಿಟ್ಟುಕೊಂಡು ಹೊರಟಳು. ಹಿಂದೆ ಬರುತ್ತಿದ್ದ ನನಗೆ ಹೊಸ ಚಿಂತೆ. ಮುದುಕಿ ಮಡಿಯವಳಿದ್ದರೆ? ಬೇರೆ ಜಾತಿಯವರ ಮನೆಯ ನೀರು ಒಲ್ಲೆನೆಂದರೆ? ಹೇಳುವುದೋ ಬಿಡುವುದೋ ಎಂದು ನಾನು ತೀರ್ಮಾನಿಸುವಷ್ಟರಲ್ಲಿ ಮಾಬೂಬಿ ಚರಗಿ ತುಂಬಿಯಾಗಿತ್ತು.

"ಹರವೀದಾ ಅವ್ವಾ?" ಎಂದಷ್ಟೇ ಕೇಳಿದಳು ಮುದುಕಿ.

"ಹೌದ್ರಿ ಅಮ್ಮಾ, ಹರವೀದ."

"ನಿನ್ನ ಹೊಟ್ಟಿ ತಣ್ಣಗಿರಲಿ."

ಒಂದು ಬೊಗಸೆ ನೆಲಕ್ಕೆ ಬಿಟ್ಟು ಕೈ ಮುಗಿದು, ಚರಗಿ ಮೇಲೆತ್ತಿ ಕಣ್ಣು ಮುಚ್ಚಿ ಕುಡಿದಳು. ಗಂಟಲಿಗೆ ನೀರಿಳಿಯುವ ಸದ್ದು ನಮಗೆ ಕೇಳಿಸುತ್ತಿತ್ತು. ಎರಡು ಚರಗಿ ಕುಡಿದ ಮೇಲೆ ಆಕೆಯ ಮುಖಕ್ಕೆ ಜೀವ ಬಂತು, ನನ್ನ ಕಾಲಿಗೂ ಬಂತು.

ಚೀಲದಲ್ಲಿ ಏನಿದೆ ಎಂದು ಕೇಳಿದೆ. ಅದರ ಬಾಯಿ ಬಿಚ್ಚಿ ತೋರಿಸಿದಳು. ಖಾಲಿ ಪಾಕೀಟು, ಚಹಾದ ಕಪ್ಪು, ಬಿಸ್ಕೀಟಿನ ಹಾಳೆ. "ಹುನಗುಂದದಿಂದ ಇಲ್ಲೀತನಕದ್ದು. ಊರ ಬಂದ ಕೂಡ್ಲೇ ಕಸದ ಗಾಡಿಗೆ ಹಾಕ್ತೀನಿ, ಮತ್ತ ಖಾಲಿ ಚೀಲ ತಗೊಂಡು ಹೋಗ್ತೀನಿ."

"ಇಷ್ಟೆಲ್ಲಾ ಯಾಕ ಯವ್ವಾ? ನಡಿಯೂದ ಕಷ್ಟ ಐತಿ."

ಆಕೆ ತಲೆಯ ಮೇಲೆ ಹೊತ್ತು ತಂದಿದ್ದ ಸಣ್ಣ ಗಂಟು ಬಿಚ್ಚಿದಳು. ಒಳಗೆ ಮಡಿಕೆ ಮುರಿಯದ ಒಂದು ಹಸಿರು ಇಳಕಲ್ಲ ಸೀರೆ, ಬಳೆ, ಕುಂಕುಮ. ಶ್ರೀಶೈಲದ ಭ್ರಮರಾಂಬೆ ಕನ್ನಡ ನಾಡಿನ ಮಗಳು, ಮಲ್ಲಯ್ಯ ನಮ್ಮ ಅಳಿಯ ಎಂದು ನಮ್ಮ ಕಡೆ ನಂಬುತ್ತಾರೆ. ಯುಗಾದಿಗೆ ತವರಿನವರು ಸೀರೆ ತರುತ್ತಾರೆಂದು ಆ ತಾಯಿ ಕಾಯುತ್ತಿರುತ್ತಾಳಂತೆ. ಇದನ್ನು ನಾನೂ ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ, ಕಥೆಯೆಂದು ಕೇಳಿದ್ದೇನೆ.

"ಮಗಳ ಉಡಿ ತುಂಬಾಕ ಹೊಂಟೀವಿ" ಎಂದಳು ಆಕೆ. "ಮಗಳ ಮನಿ ದಾರಿ ತುಂಬ ಕಸಾ ಚೆಲ್ಲಕೋತ ಹೋದ್ರ ಬೀಗರು ಏನಂದಾರು? 'ಬಂದ್ರು ನೋಡು ನಿನ್ನ ತವರವ್ರು' ಅಂತ ಅಕಿನ್ನ ಆಡಕೊಳ್ಳೂದಿಲ್ಲೇನು? ನಾವು ಕೈ ಮುಗದು ತಿರುಗಿ ಬರ್ತೀವಿ. ಅಲ್ಲೇ ಬಾಳೇ ಮಾಡಾಕಿ ಅಕಿ. ಕೂಸು ಯಾರ ಮುಂದ ಹೇಳಕೊಂಡೀತು?"

ಕೊನೆಯ ಮಾತಿಗೆ ಆಕೆಯ ದನಿ ನಡುಗಿತು. ಕಣ್ಣಲ್ಲಿ ನೀರು ತುಂಬಿತ್ತು. ಆಗ ತಿಳಿಯಿತು ನನಗೆ, ಇದು ಆಕೆಗೆ ಕಥೆಯಲ್ಲ. ಎಲ್ಲೋ ದೂರದ ಬೆಟ್ಟದಲ್ಲಿ ನಿಜವಾಗಿ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಅವಳ ಮಾನ ಈ ಚೀಲದಲ್ಲಿದೆ.

ಆಕೆ ಎದ್ದು ರಸ್ತೆಗಿಳಿದಳು. ನಾನೂ ಹಿಂದೆ ಹೋಗಿ ಮೊದಲ ಬಾರಿ ರಸ್ತೆಯನ್ನು ನೋಡಿದೆ. ಹುನಗುಂದದ ಕಡೆ ತಿರುಗಿದರೆ, ಎರಡೂ ಬದಿಯ ಕಸದ ನಡುವೆ ಆಕೆ ನಡೆದುಬಂದ ಅಂಚಿನಲ್ಲಿ ಒಂದು ಮಾರು ಅಗಲದ ಮಣ್ಣು ಸ್ವಚ್ಛವಾಗಿತ್ತು. ಕಣ್ಣು ಹಾಯುವ ತನಕ ಹಾಗೆಯೇ ಇತ್ತು, ಹೊಲದಲ್ಲಿ ಎಳೆದ ಒಂದೇ ಸಾಲಿನಂತೆ. ಊರಿನ ಕಡೆ ತಿರುಗಿದರೆ ಬೇಲಿ, ಚರಂಡಿ, ಜಾಲಿಗಿಡ, ಎಲ್ಲ ಕಡೆ ಪಾಕೀಟು ಬಿಸಿಲಿಗೆ ಮಿಂಚುತ್ತಿದ್ದವು. ಅವೆಲ್ಲ ನಾನು ಕೊಟ್ಟವು.

ಆಕೆ ಬಗ್ಗಿದಳು. ಒಂದು ಪಾಕೀಟು ಎತ್ತುವಾಗ ತುಟಿ ಅಲುಗಿತು: "ಮಲ್ಲಯ್ಯಾ." ಇನ್ನೊಂದು ಎತ್ತಿದಳು: "ಮಲ್ಲಯ್ಯಾ." ಜಪದ ಮಣಿ ಎಣಿಸಿದ ಹಾಗೆ. ನಾನು ತಡವರಿಸುತ್ತ ಬಗ್ಗಿ ಒಂದನ್ನು ಎತ್ತಿದೆ. ಹೆಸರು ಹೇಳಲು ನಾಚಿಕೆಯಾಯಿತು. ಮೂರನೆಯದಕ್ಕೆ ಬಾಯಿಂದ ಹೊರಬಂತು. ಹಿಂದಿನಿಂದ ಬಸವರಾಜನ ದನಿಯೂ ಕೇಳಿಸಿತು. ಊರ ಅಗಸೆಬಾಗಿಲ ತನಕ ಮೂವರೂ ಆರಿಸುತ್ತ ಹೋದೆವು. ಅಲ್ಲಿ ಆಕೆ ನನ್ನ ತಲೆ ಸವರಿ ಹೊರಟುಹೋದಳು. ಹೆಸರು ಕೇಳುವುದನ್ನು ಮರೆತೆ.

ಅರ್ಧ ತಾಸಿನಲ್ಲಿ ಮುಂದಿನ ಪೆಂಡಾಲುಗಳ ನೆನಪಾಯಿತು. ಅಲ್ಲೂ ಪಾಕೀಟೇ ಇದ್ದರೆ? ಮಾಬೂಬಿಯ ಗಂಡನ ಬೈಕಿನಲ್ಲಿ ಹಿಂದೆ ಕೂತು, ಹರವಿಯ ನೀರು ತುಂಬಿದ ಎರಡು ಕೊಡ ತಬ್ಬಿಕೊಂಡು, ಬೇರೆ ದಾರಿಯಿಂದ ಆಕೆಗಿಂತ ಮುಂದೆ ಹೋದೆ. ಎರಡು ಪೆಂಡಾಲಿನಲ್ಲಿ ಒಂದೊಂದು ಕೊಡ ಇಡಿಸಿ, "ಹೆಗಲಿಗೆ ಚೀಲ ಹಾಕ್ಕೊಂಡ ಒಬ್ಬ ಯವ್ವ ಬರ್ತಾಳ್ರಿ, ಅಕಿಗೆ ಇದರಾಗಿನ ನೀರ ಕೊಡ್ರಿ" ಎಂದೆ. "ನಿಮ್ಮ ತಾಯೇನ್ರಿ?" ಎಂದು ಒಬ್ಬರು ಕೇಳಿದರು. "ಹೌದ್ರಿ" ಎಂದುಬಿಟ್ಟೆ.

ಅದರಾಚೆಗೆ ನನಗೆ ಗುರುತಿನವರಿರಲಿಲ್ಲ, ಶ್ರೀಶೈಲ ಇನ್ನೂ ಎಷ್ಟೋ ದಿನದ ದಾರಿ. ಆಕೆ ಮುಟ್ಟಿದಳೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಈಗ ನಮ್ಮ ಪೆಂಡಾಲಿನಲ್ಲಿ ಮತ್ತೆ ಹರವಿಗಳಿವೆ. ಯಾರೂ ಕೈ ಹಾಕದಂತೆ ನಾನೇ ಕಾವಲು ಕೂರುತ್ತೇನೆ, ಹೊತ್ತು ಇಳಿದ ಮೇಲೆ ಚೀಲ ಹಿಡಿದು ರಸ್ತೆಗಿಳಿಯುತ್ತೇನೆ. ಜಗತ್ತಿನ ಎಲ್ಲದರ ಬಗ್ಗೆ ಚಿಂತಿಸುವ ನನಗೆ ಆ ಮುದುಕಿಯ ಬಾಯಾರಿಕೆಯ ಬಗ್ಗೆ ಮಾತ್ರ ಚಿಂತೆಯಿಲ್ಲ. ಅಷ್ಟು ದೂರದಿಂದ ತನ್ನ ಮಾನ ಕಾಯುತ್ತ ಬರುವ ತಾಯಿಯನ್ನು ಯಾವ ಮಗಳೂ ದಾರಿಯಲ್ಲಿ ಒಣಗಿದ ಗಂಟಲಿನಲ್ಲಿ ಬಿಡುವುದಿಲ್ಲ.