ಮೆಂಬರ್ ಇದಾರಾ

ನಮ್ಮ ಹೊಸಹಳ್ಳಿ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಅಪ್ಪ ಪಾಲಿಕೆ ಚುನಾವಣೆಗೆ ಅಮ್ಮನನ್ನು ನಿಲ್ಲಿಸಿದರು. ಅಮ್ಮ ಗೆದ್ದಳು. ಅಂದಿನಿಂದ ಹೊಸಹಳ್ಳಿಯವರೆಲ್ಲ ಅಪ್ಪನನ್ನು ‘ಮೆಂಬರ್ ಸಾರ್’ ಎಂದು ಕರೆಯತೊಡಗಿದರು. ನೀರು, ಮೋರಿ, ಬೀದಿದೀಪ, ಯಾವ ಅರ್ಜಿ ಬಂದರೂ ಓದುತ್ತಿದ್ದವರು ಅಪ್ಪ. ಅವರು ಬೆರಳು ತೋರಿಸಿದ ಕಡೆ ಅಮ್ಮ ಸಹಿ ಹಾಕಿ, ಬಂದವರಿಗೆ ಕಾಫಿ ಮಾಡಲು ಏಳುತ್ತಿದ್ದಳು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನಮ್ಮ ಮಹಡಿ ಮೇಲಿನ ರೂಮಿಗೆ ಇಂಡೋನೇಷ್ಯಾದ ವಿದ್ಯಾರ್ಥಿನಿಯೊಬ್ಬಳು ಬಾಡಿಗೆಗೆ ಬಂದಳು. ಸುಮಾತ್ರಾದ ಮಿನಂಗ್‌ಕಬೌ ಜನಾಂಗದವಳು. ತಮ್ಮಲ್ಲಿ ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಹೋಗುತ್ತವೆ, ಮದುವೆಯಾದ ಮೇಲೆ ಗಂಡನೇ ಹೆಂಡತಿಯ ಮನೆಗೆ ಬರುತ್ತಾನೆ ಎಂದು ಒಂದು ಮಧ್ಯಾಹ್ನ ಹೇಳಿದಳು. ಅವಳ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಹೇಳಿದಾಗ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು.

“ಹಂಗಾದ್ರೆ ಊರಿನ ಸಭೇಲೂ ಹೆಂಗಸರೇ ಕೂತ್ಕೋತಾರಾ, ಕೇಳೇ.”

ಕೇಳಿದೆ. ಅವಳು ತಲೆ ತಗ್ಗಿಸಿದಳು. ಕುಲದ ಮುಖಂಡ ಸೋದರಮಾವನಂತೆ. ಹೇಳಬೇಕಾದ್ದನ್ನು ಅವಳ ಅಮ್ಮ ಮನೆಯಲ್ಲೇ ಅವನಿಗೆ ಹೇಳುತ್ತಾಳೆ, ಸಭೆಯಲ್ಲಿ ಮಾತಾಡುವವನು ಅವನು. ಚುನಾವಣೆಯಲ್ಲಿ ಗೆಲ್ಲುವ ಹೆಂಗಸರೂ ಬೆರಳೆಣಿಕೆಯಷ್ಟು.

“ಅಲ್ಲಿ ಅಣ್ಣ ಮಾತಾಡ್ತಾನೆ, ಇಲ್ಲಿ ಗಂಡ. ಅಷ್ಟೇ,” ಎಂದೆ ಅಮ್ಮನಿಗೆ, ಗಡುಸಾಗಿಯೇ.

“ಅವನು ಅವಳನ್ನ ಕೇಳ್ಕೊಂಡಾದ್ರೂ ಹೋಗ್ತಾನಲ್ಲೇ,” ಎಂದಳು ಅಮ್ಮ.

ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಕೂಗಿದರು. “ಆಂಟಿ, ಮೆಂಬರ್ ಇದಾರಾ?”

ಅಮ್ಮ ಮೊರದಿಂದ ತಲೆ ಎತ್ತಲಿಲ್ಲ.

“ಇಲ್ಲಪ್ಪ, ಹೊರಗೆ ಹೋಗಿದಾರೆ. ಸಂಜೆ ಬಾ.”