ಗಂಜಿ ಪಾತ್ರೆಗೆ ನಲ್ಲಿ ಕೂರಿಸಿದ್ದು

ದುಬೈಗೆ ಬಂದ ಮೊದಲ ಜುಲೈಯಲ್ಲಿ ಒಂದು ಬೆಳಿಗ್ಗೆ ತಣ್ಣೀರಿನ ನಲ್ಲಿ ತಿರುಗಿಸಿ ಮೈಮೇಲೆ ಸುರಿದುಕೊಂಡವನು ಕೂಗುತ್ತಾ ಹೊರಗೋಡಿ ಬಂದೆ. ನೀರು ಸುಡುತ್ತಿತ್ತು. ಕೋಣೆಯಲ್ಲಿದ್ದ ಇಬ್ಬರು ಕೇರಳದವರು ಬಿದ್ದು ಬಿದ್ದು ನಕ್ಕರು. ಇಲ್ಲಿ ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕು ರಾತ್ರಿಯೂ ಆರುವುದಿಲ್ಲ. ಜನ ಗೀಸರ್ ಆರಿಸಿಟ್ಟು, ಅದರೊಳಗೆ ತಣಿದ ನೀರಿನಲ್ಲಿ ಸ್ನಾನ ಮಾಡುತ್ತಾರೆ. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು!

ನಮ್ಮ ಕಾಪುವಿನಲ್ಲಿ ಮನೆ ಬಾಡಿಗೆಗೆ ಸಿಗುತ್ತದೆ. ಇಲ್ಲಿ ನನಗೆ ಸಿಕ್ಕಿದ್ದು ಮಂಚ. ಅದನ್ನು 'ಬೆಡ್ ಸ್ಪೇಸ್' ಎನ್ನುತ್ತಾರೆ. ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯ ಆ ಕೋಣೆಯಲ್ಲಿ ಮಂಚ, ಅದರಡಿಯ ಜಾಗ, ಗೋಡೆಗೆ ಹೊಡೆದ ಎರಡು ಮೊಳೆ ಇಷ್ಟು ನನ್ನ ಪಾಲು. ಕೆಲಸ ವೆಲ್ಡಿಂಗ್. ಹೋಟೆಲುಗಳಿಗೆ ಸ್ಟೀಲಿನ ಮೇಜು, ತೊಟ್ಟಿ ಮಾಡಿಕೊಡುವ ವರ್ಕ್‌ಶಾಪ್.

ಊರಲ್ಲಿ ಮನೆ ಖಾಲಿ ಮಾಡುವವರು ಮುರಿದ ಮಣೆಯನ್ನೂ ಬಿಟ್ಟು ಹೋಗುವುದಿಲ್ಲ. ಇಲ್ಲಿ ದೇಶ ಬಿಡುವವರು ಸೋಫಾ, ಸೈಕಲ್ಲು ಎಲ್ಲವನ್ನೂ ಬಾಗಿಲ ಹೊರಗಿಟ್ಟು ವಿಮಾನ ಹತ್ತುತ್ತಾರೆ. ಎದುರು ಫ್ಲಾಟಿನ ಯುರೋಪಿನವನು ಹಾಗೆ ಬಿಟ್ಟು ಹೋದದ್ದು ಐವತ್ತು ಲೀಟರಿನ ಸ್ಟೀಲ್ ಪಾತ್ರೆ. ತಳದ ಹತ್ತಿರ ನಲ್ಲಿ, ಪಕ್ಕದಲ್ಲಿ ಶಾಖ ತೋರಿಸುವ ಮುಳ್ಳು. ಒಳ್ಳೆಯ ಕೆಲಸಗಾರಿಕೆ. ಸ್ನಾನದ ನೀರು ತಣಿಯಲಿಡಲು ಆಯಿತೆಂದು ನಾನು ಎತ್ತಿಕೊಂಡು ಬಂದೆ.

ನಮ್ಮ ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಉಳ್ಳಾಲದ ಬ್ಯಾರಿ, ಹಮೀದ್. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣನೆಂಬ ಅರ್ಥದಲ್ಲಿ ಹಮೀದಾಕ ಎನ್ನುತ್ತಿದ್ದೆ. ಹಿಂದಿ, ಇಂಗ್ಲಿಷಿನಲ್ಲಿ ದಿನವಿಡೀ ತಡವರಿಸುವ ನನಗೆ ಅವರೊಡನೆ ತುಳು, ಕನ್ನಡ ಮಾತಾಡುವ ಹತ್ತು ನಿಮಿಷವೇ ವಿಶ್ರಾಂತಿ. ರಂಜಾನಿನ ಶುಕ್ರವಾರಗಳಲ್ಲಿ ಅವರೂ ಅವರ ಗೆಳೆಯರೂ ಮುಹೈಸ್ನಾದಲ್ಲಿ ಕಾರ್ಮಿಕರಿಗೆ ಉಪವಾಸ ಬಿಡುವ ಹೊತ್ತಿಗೆ ಗಂಜಿ ಕೊಡುತ್ತಿದ್ದರು. ಮುಹೈಸ್ನಾವನ್ನು ಅಲ್ಲಿರುವವರು ಸೋನಾಪುರ, ಎಂದರೆ ಚಿನ್ನದ ಊರು ಎನ್ನುತ್ತಾರೆ. ಕಾರ್ಮಿಕರು ಮಲಗುವ ಕಟ್ಟಡಗಳ ಸಾಲು ಅದು.

ಮೊದಲ ಶುಕ್ರವಾರ ನಾನೂ ಹೋದೆ. ಸೌಟಿನಲ್ಲಿ ಬಡಿಸಿ ಮುಗಿಯುವ ಮೊದಲೇ ಮಸೀದಿಯಲ್ಲಿ ಉಪವಾಸ ಬಿಡುವ ಬಾಂಗ್ ಆಯಿತು. ಸಾಲಿನ ಕೊನೆಯವರು ಖಾಲಿ ಬಟ್ಟಲು ಹಿಡಿದು ನೀರು ಕುಡಿದು ನಿಂತರು. ಹಿಂದೆ ಬರುವಾಗ ಹಮೀದಾಕ ವ್ಯಾನಿನಲ್ಲಿ ಗಂಜಿ ಸಿಗದವರ ಲೆಕ್ಕ ಹಾಕುತ್ತಿದ್ದರು.

"ನನ್ನ ಹತ್ತಿರ ನಲ್ಲಿಯ ಪಾತ್ರೆ ಉಂಟು, ಸೌಟೇ ಬೇಡ," ಎಂದೆ.

ಕೋಣೆಯಲ್ಲಿ ಗಂಜಿ ಮಾಡಿ ನೋಡಿದರೆ ಆ ಸಣ್ಣ ನಲ್ಲಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಂಡಿತು. ದಪ್ಪ ನಲ್ಲಿ ಹಾಕಲೆಂದು ಸೋಮವಾರ ಪಾತ್ರೆಯನ್ನು ವರ್ಕ್‌ಶಾಪಿಗೆ ಒಯ್ದೆ. ಹಳೆಯದನ್ನು ಬಿಚ್ಚಿದಾಗ ತಿರುಪಿನ ಸಂದಿಯಿಂದ ಕಪ್ಪಗಾದ ಹೊಟ್ಟು ಉದುರಿತು, ಹುಳಿ ವಾಸನೆ ಬಂತು. ಪಕ್ಕದಲ್ಲಿದ್ದ ಫಿಲಿಪೀನ್ಸಿನ ಜುನ್ ಮೂಸಿ ನೋಡಿ ನಕ್ಕ. "ಬ್ರದರ್, ಬಾರ್ಲಿ. ಇದು ಬಿಯರ್ ಮಾಡುವ ಪಾತ್ರೆ."

ನನ್ನ ಕೈ ನಿಂತಿತು. ಆದರೂ ಪಾತ್ರೆಯ ತೂತು ದೊಡ್ಡದು ಮಾಡಿದೆ, ಅದಕ್ಕೆ ತಿರುಪಿನ ಬಳೆ ವೆಲ್ಡ್ ಮಾಡಿದೆ, ದಪ್ಪ ನಲ್ಲಿ ತಿರುಗಿಸಿ ಕೂರಿಸಿದೆ, ಮೂರು ಸಲ ಉಜ್ಜಿ ತೊಳೆದೆ. ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಮೀದಾಕ ದಿನವೂ ಬಂದು ನಲ್ಲಿ ತಿರುಗಿಸಿ ನೋಡಿ, "ಬೊಂಬಾಟ್ ಆಯ್ತು ಮಾರಾಯ," ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಗುರುವಾರ ಸಂಜೆ ಪಾತ್ರೆ ಒಯ್ಯಲು ಬಂದರು.

"ಹಮೀದಾಕ, ಒಂದು ವಿಷಯ ಉಂಟು."

"ಎಂತ, ಸೋರ್ತದಾ?"

"ಸೋರುದಿಲ್ಲ. ಇದರಲ್ಲಿ ಅವ ಬಿಯರ್ ಮಾಡ್ತಿದ್ದ."

ಅವರು ಪಾತ್ರೆಯ ಕಿವಿಯಿಂದ ಕೈ ತೆಗೆದರು. "ನಿಂಗೆ ಯಾವಾಗ ಗೊತ್ತಾಯ್ತು?"

"ಸೋಮವಾರ."

"ಇವತ್ತು ಗುರುವಾರ."

"ಹೌದು."

ಅವರು ಪಕ್ಕದ ಸ್ಟೀಲ್ ಶೀಟಿನ ಮೇಲೆ ಕುಳಿತರು. ಬೈದಿದ್ದರೆ ಸುಲಭವಿತ್ತು. "ಚಂದ ಮಾಡಿ ತೊಳೆದ್ರೆ ಆಯ್ತು ಅಂತ ಹೇಳುವವರೂ ಇರಬಹುದು. ನಂಗೆ ಗೊತ್ತಿಲ್ಲ. ಆದ್ರೆ ನನ್ನ ಕೈಯಿಂದ ಬಡಿಸ್ಲಿಕ್ಕೆ ಆಗುದಿಲ್ಲ. ಬಿಸಿಲಲ್ಲಿ ಉಪವಾಸ ಇದ್ದು ಬಂದವರು ಅವರು." ಮತ್ತೆ ನಲ್ಲಿಯನ್ನೇ ನೋಡುತ್ತಾ ಕೇಳಿದರು. "ಇದು ಹೊಸತಾ?"

"ಹೊಸತು. ನಾನೇ ತಂದದ್ದು."

"ಮತ್ತೆಂತ ನೋಡ್ತಾ ನಿಂತಿದ್ದಿ? ಬಿಚ್ಚು."

ಅವರ ವ್ಯಾನಿನಲ್ಲಿ ವರ್ಷಗಳಿಂದ ಗಂಜಿ ಬೇಯಿಸಿದ ದೊಡ್ಡ ಅಲ್ಯೂಮಿನಿಯಂ ಪಾತ್ರೆಯಿತ್ತು. ಅದಕ್ಕೆ ಸ್ಟೀಲು ವೆಲ್ಡ್ ಆಗುವುದಿಲ್ಲ. ತೂತು ಕೊರೆದು, ಒಳಗೂ ಹೊರಗೂ ವಾಷರ್ ಇಟ್ಟು ನಟ್ಟು ಬಿಗಿಯಬೇಕು. ಡ್ರಿಲ್ ತಾಗಿಸುವಾಗ ಹಮೀದಾಕ ಮುಖ ಆಚೆ ತಿರುಗಿಸಿದರು. ತೂತು ಕೆಟ್ಟರೆ ನಾಳೆ ಯಾರಿಗೂ ಗಂಜಿಯಿಲ್ಲ. ನೀರು ತುಂಬಿಸಿದೆವು, ಒಂದು ಹನಿ, ಇನ್ನೊಂದು ಹನಿ ಬಂತು. ಇನ್ನರ್ಧ ಸುತ್ತು ಬಿಗಿದೆ. ನಿಂತಿತು.

ಮರುದಿನ ನಲ್ಲಿಯ ಪಕ್ಕ ಕುಳಿತವನು ನಾನೇ. ಮೆಂತೆ, ತೆಂಗಿನ ಹಾಲು ಹಾಕಿದ ಗಂಜಿ. ಬಟ್ಟಲು ಹಿಡಿ, ತಿರುಗಿಸು, ನಿಲ್ಲಿಸು. "ಯಲ್ಲಾ, ಯಲ್ಲಾ," ಎಂದು ಹಮೀದಾಕ ಸಾಲನ್ನು ಮುಂದೆ ಕಳಿಸುತ್ತಿದ್ದರು. ಬಾಂಗ್ ಆಗುವಾಗ ಎಲ್ಲರ ಮುಂದೆಯೂ ತುಂಬಿದ ಬಟ್ಟಲಿತ್ತು. ಅಷ್ಟೂ ಬಟ್ಟಲುಗಳು ಒಟ್ಟಿಗೆ ಬಾಯಿಗೇರಿದವು. ಹಮೀದಾಕ ಪಾತ್ರೆಯೊಳಗೆ ಇಣುಕಿ, "ಖಲಾಸ್," ಎಂದರು, ಮುಗಿಯಿತು ಎಂದರ್ಥ. ಆಮೇಲೆ ತಮ್ಮ ಬಟ್ಟಲಿನಲ್ಲಿ ಅರ್ಧವನ್ನು ನನಗೆ ಸುರಿದು, "ಕುಡಿ," ಎಂದರು. ಸೋಮವಾರದಿಂದ ಗುರುವಾರದವರೆಗಿನ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಎರಡು ವರ್ಷಕ್ಕೆ ರಜೆ ಸಿಕ್ಕಿ ಕಾಪುವಿಗೆ ಹೋದಾಗ ಅಕ್ಕನ ಅಡುಗೆಮನೆಯಲ್ಲಿ ನಾನು ಆ ಗಂಜಿ ಮಾಡಿದೆ. ಅಕ್ಕ ಒಂದು ಗುಟುಕು ಕುಡಿದು, ಇನ್ನೊಂದು ಗುಟುಕು ಕುಡಿದು, "ಒಳ್ಳೇದುಂಟು. ನಿಮ್ಮ ಊರಲ್ಲಿ ಹೀಗಾ ಮಾಡುದು?" ಎಂದಳು.

ನಿಮ್ಮ ಊರು ಎಂದರೆ ಅವಳ ಲೆಕ್ಕದಲ್ಲಿ ದುಬೈ. ಇದು ಉಳ್ಳಾಲದ ಗಂಜಿ, ನಮ್ಮ ಮನೆಯೆದುರಿನ ಬಸ್ಸು ಹತ್ತಿದರೆ ಎರಡು ಗಂಟೆಯ ದಾರಿ ಎಂದು ಹೇಳಬೇಕೆಂದುಕೊಂಡೆ.

"ಹೌದು," ಎಂದೆ. "ನಮ್ಮ ಊರಲ್ಲಿ ಹೀಗೆ."